ಕತ್ತಲಿರಬೇಕಾದ ಕಿಟಕಿ

ಬಸ್ತಿವಾಡ, ಅಂಚೆ ಯಡೂರು
ತಾ. ಚಿಕ್ಕೋಡಿ
೧೨ ಜೂನ್ ೧೯೮೮

ಪ್ರೀತಿಯ ರಾಜಕ್ಕಾ,

ನಮ್ಮ ಮನೆಗೆ ಫೋನ್ ಬಂತು, ನಂಬರ್ ಹದಿನೇಳು, ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ನಾನೇ ಮೊದಲು ಎತ್ತಿ ಹಲೋ ಅಂದೆ. ಆ ಕಡೆ ಯಾರೂ ಇರಲಿಲ್ಲ. ಲೈನ್‌ಮನ್ ಧೂಳಪ್ಪ ಕಂಬದ ಮೇಲೆ ಕೂತು "ಕೇಳಸ್ತೈತೇನ್ರಿ" ಅಂತ ಕೂಗುತ್ತಿದ್ದ, ಅದು ಕಿಟಕಿಯಿಂದ ಕೇಳುತ್ತಿತ್ತು, ಫೋನಿನಿಂದಲ್ಲ. ಆದರೂ ನನಗೆ ಕಣ್ಣು ತುಂಬಿ ಬಂತು. ಮಾವನವರು ಬದುಕಿದ್ದಾಗ ಹಾಕಿದ ಅರ್ಜಿಯಂತೆ, ಎಂಟು ವರ್ಷ ಕಾದು ಕೊನೆಗೆ ನಾನು ಬಂದ ತಿಂಗಳಿಗೇ ಬಂತು. ಇವರು ಅದನ್ನು ನನ್ನ ಕಾಲ್ಗುಣ ಅಂದರು. ಇವರು ಅಂದರೆ ಭೂಪಾಲ. ಬಾಯಲ್ಲಿ ಹೆಸರು ಹೇಳಲು ಇನ್ನೂ ನಾಚಿಕೆ, ಕಾಗದದಲ್ಲಿ ಬರೆಯಲು ಮಾತ್ರ ಬಹಳ ಖುಷಿ. ಭೂಪಾಲ, ಭೂಪಾಲ, ಭೂಪಾಲ.

ನೀನು ಹುಬ್ಬಳ್ಳಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೀಯಲ್ಲ, ಇನ್ನು ನಾನು ಹಿಡಿಕೆ ತಿರುವಿದರೆ ಸಾಕು. ಯಡೂರು, ಚಿಕ್ಕೋಡಿ, ಬೆಳಗಾವಿ, ನೀನು. ಮೂರೇ ಮೆಟ್ಟಿಲು ಅಕ್ಕಾ. ಇನ್ನು ಇಷ್ಟುದ್ದ ಪತ್ರ ಬರೆಯುವ ಕೆಲಸವೇ ಇಲ್ಲ.

ಅತ್ತೆಯವರು ಫೋನಿನ ಸುತ್ತ ಒಂದು ಸುತ್ತು ಬಂದರು. ಎತ್ತರದ ಹೆಂಗಸು, ಒಂಬತ್ತು ಗಜದ ಸೀರೆ, ದನಿ ಮಾತ್ರ ಬಹಳ ಸಣ್ಣದು. ಊರೆಲ್ಲ ಅವರನ್ನು ಗಂಗೂಬಾಯಾರ ಅನ್ನುತ್ತದೆ. ಧೂಳಪ್ಪನನ್ನು ಕೇಳಿದರು, "ಮಳಿ ಗಾಳಿ ಬಂದಾಗ ಇದು ನಡೀತೈತೇನೋ?"

"ಖರೇ ಹೇಳ್ಬೇಕಂದ್ರ ಬಾಯಾರ, ಮಳಿ ಗಾಳಿ ಬಂದಾಗ ನಾನೂ ನಡ್ಯಾಂಗಿಲ್ರಿ."

"ಆತು ಬಿಡು. ಹಂಗಾದ್ರ ಬ್ಯಾಸಿಗಿ ಫೋನ್ ಇದು," ಅಂದು ಒಳಗೆ ಹೋದರು.

ನಮ್ಮ ಮನೆ ದಿಬ್ಬದ ಮೇಲಿದೆ. ಹಿಂದಿನ ಬಾಗಿಲು ತೆರೆದರೆ ಕಬ್ಬು, ಕಬ್ಬಿನಾಚೆ ಒಂದು ಹಳ್ಳ, ಹಳ್ಳದಾಚೆ ಇಪ್ಪತ್ತೆರಡು ಮನೆಗಳ ವಸ್ತಿ, ಅದರಾಚೆ ಕೃಷ್ಣೆ. ವಸ್ತಿಯವರದು ಎಮ್ಮೆ, ಆಡು, ತುಂಡು ಹೊಲ. ಬೆಳಿಗ್ಗೆ ಹಾಲಿನ ಕೊಡ ಹೊತ್ತು ಹಳ್ಳ ದಾಟಿ ಬರುತ್ತಾರೆ. ನೋಡಲು ಚಿತ್ರದಂತೆ ಇದೆ.

ಒಂದೇ ಒಂದು ಕಷ್ಟ ಹೇಳಲೇ? ಜೈನರಲ್ಲವೇ, ಇಲ್ಲಿಯೂ ಹೊತ್ತು ಮುಳುಗುವ ಮೊದಲು ಉಣ್ಣುವುದು ನಮ್ಮ ಮನೆಯಂತೇ, ಅದಿರಲಿ. ಆದರೆ ಹೊತ್ತು ಮುಳುಗಿದ ಮೇಲೆ ಅಡುಗೆಮನೆಯಲ್ಲಿ ದೀಪವನ್ನೇ ಹಚ್ಚುವ ಹಾಗಿಲ್ಲ. ಯಾರಾದರೂ ಮರೆತು ಗುಂಡಿ ಒತ್ತಿಯಾರೆಂದು ಅತ್ತೆ ಅಲ್ಲಿಯ ಬಲ್ಬನ್ನೇ ತೆಗೆಸಿಬಿಟ್ಟಿದ್ದಾರೆ. ಧರ್ಮ ಪಾಲಿಸುವುದೆಂದರೆ ಹೀಗೆ ಅಂತ ನಾನಂತೂ ದಂಗಾಗಿದ್ದೇನೆ.

ನಿನ್ನ ಹುಚ್ಚಿ,
ಚೇಲನಾ


ಹುಬ್ಬಳ್ಳಿ
೨೦ ಜೂನ್ ೧೯೮೮

ಚೇಲನಾ,

ನಿನ್ನ ಹದಿನೇಳನೇ ನಂಬರಿಗೆ ನಾಲ್ಕು ದಿನದಲ್ಲಿ ಆರು ಸಲ ಹಚ್ಚಿದೆ. ಯಡೂರಿನ ಆಪರೇಟರ್ ಒಳ್ಳೆಯವರು, "ಗಂಟಿ ಹೋಗ್ತೈತ್ರಿ ಮೇಡಂ, ಆದರ ಎಲ್ಲಿಗಿ ಹೋಗ್ತೈತಿ ಗೊತ್ತಿಲ್ರಿ" ಅಂದರು. ಹಾಗಾಗಿ ಪತ್ರ ಬಿಡಬೇಡ.

ಬಲ್ಬಿನ ಮಾತು ನನ್ನ ಮನಸ್ಸಿಗೆ ಬಂದಿಲ್ಲ. ಅವ್ವನೂ ವ್ರತ ಮಾಡುತ್ತಿದ್ದಳು. ಆದರೆ ಪರೀಕ್ಷೆಗೆ ಓದುವಾಗ ರಾತ್ರಿ ಒಂಬತ್ತಕ್ಕೆ ನಿನಗೆ ಹಾಲು ಕಾಸಿ ಕೊಡುತ್ತಿದ್ದಳು. ಅವಳು ಹೋದ ಮೇಲೆ ನಾನು ಕಾಸಿ ಕೊಟ್ಟಿದ್ದೇನೆ. ಬಲ್ಬನ್ನೇ ತೆಗೆಸಿದವರು ನಾಳೆ ಇನ್ನೇನು ತೆಗೆಸುತ್ತಾರೋ. ಈ ಸಂಬಂಧ ನೋಡಿದವಳು ನಾನು. ನಿನಗೆ ರಾತ್ರಿ ಹಸಿವಾದರೆ ಏನು ಮಾಡುತ್ತೀ ಎಂದು ಬರೆ. ಸುಳ್ಳು ಬರೆಯಬೇಡ, ನಿನ್ನ ಅಕ್ಷರ ನೋಡಿದರೆ ನನಗೆ ತಿಳಿಯುತ್ತದೆ.

ರಾಜಮತಿ


ಬಸ್ತಿವಾಡ
೪ ಜುಲೈ ೧೯೮೮

ಪ್ರೀತಿಯ ಅಕ್ಕಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮಳೆ ಚೆನ್ನಾಗಿದೆ. ಫೋನ್ ಸತ್ತು ಒಂದು ವಾರವಾಯಿತು. ನನಗೆ ಸ್ವಲ್ಪ ಶೀತ.

ಅತ್ತೆಯವರು ನನ್ನನ್ನು ಒಂದು ಮಾತೂ ಅಂದಿಲ್ಲ. ಅದು ನಿನಗೆ ಗೊತ್ತಿರಲಿ.

ನಿನ್ನನ್ನು ಒಂದು ಕೇಳಬೇಕು. ನಿಮ್ಮಲ್ಲಿ ಒಂದು ತಪ್ಪು ಕರೆ ಹೋಗಿಬಿಟ್ಟರೆ, ಅಂದರೆ ಹೋಗಬಾರದ ಸುದ್ದಿ ಹೋಗಬಾರದ ಕಡೆ ಹೋಗಿ, ಕೇಳಿದವರು ಅದನ್ನು ನಂಬಿ ಎದ್ದು ಓಡಿಬಿಟ್ಟರೆ, ಆಮೇಲೆ ಏನು ಮಾಡುತ್ತೀರಿ? ಅವರು ಮುಂದಿನ ಸಲ ನಂಬುತ್ತಾರೆಯೇ? ಸುಮ್ಮನೆ ಕೇಳಿದೆ.

ರಾತ್ರಿ ನನಗೆ ಹಸಿವಾಗುವುದಿಲ್ಲ.

ಚೇಲನಾ


ಹುಬ್ಬಳ್ಳಿ
೯ ಜುಲೈ ೧೯೮೮

ಚೇಲನಾ,

ಮದುವೆಯಾಗಿ ಎರಡು ತಿಂಗಳಿಗೆ ನಿನ್ನ ಪತ್ರ ಅರ್ಧ ಹಾಳೆಗೆ ಬಂತೇ? ಅದರಲ್ಲಿ ಭೂಪಾಲನ ಹೆಸರೂ ಇಲ್ಲ. "ಒಂದು ಮಾತೂ ಅಂದಿಲ್ಲ" ಎಂದು ನಾನು ಕೇಳದೆಯೇ ಬರೆದಿದ್ದೀ. ಮಾತಾಡದೆ ಇರುವುದೂ ಒಂದು ಶಿಕ್ಷೆ ಎಂದು ನನಗೆ ಗೊತ್ತು. ಹದಿನೆಂಟಕ್ಕೆ ರಜೆ ಕೇಳಿದ್ದೇನೆ. ಬಂದು ಕರೆದುಕೊಂಡು ಹೋಗುತ್ತೇನೆ. ಪಂಚಮಿ ಹಬ್ಬಕ್ಕೆ ತವರಿಗೆ ಎಂದು ಹೇಳಿದರಾಯಿತು, ಒಂದು ತಿಂಗಳು ಮುಂಚೆ ಆದರೇನು.

ನೀನು ಕೇಳಿದ್ದಕ್ಕೆ ಉತ್ತರ. ತಪ್ಪು ಕರೆ ಹೋಗುತ್ತದೆ, ತಪ್ಪದು. ಅದಕ್ಕೇ ನಾವು ಸುದ್ದಿ ಹೇಳಿದೊಡನೆ ಕೆಲಸ ಮುಗಿಯಿತು ಎಂದುಕೊಳ್ಳುವುದಿಲ್ಲ. ಮುಖ್ಯವಾದ ಸಂದೇಶವಾದರೆ ಕೇಳಿದವರಿಂದ ಅದನ್ನು ತಿರುಗಿ ಹೇಳಿಸುತ್ತೇವೆ. ಅವರು ತಿರುಗಿ ಹೇಳುವ ತನಕ ಅದು ಮುಟ್ಟಿಲ್ಲ ಎಂದೇ ನಮ್ಮ ಲೆಕ್ಕ. ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಇದೊಂದೇ ಇರಬೇಕು.

ಮುಂದಿನ ಸಲ ನಂಬುತ್ತಾರೆಯೇ ಎಂದರೆ, ಸುಳ್ಳು ಕರೆ ಯಾರು ಮಾಡಿದರೆಂದು ಗೊತ್ತಿದ್ದರೆ ನಂಬುವುದು ಕಷ್ಟ. ಗೊತ್ತಿಲ್ಲದಿದ್ದರೆ ಇನ್ನೂ ಕಷ್ಟ.

ಈಗ ನಿಜ ಬರೆ.

ರಾಜಮತಿ


ಬಸ್ತಿವಾಡ
೧೩ ಜುಲೈ ೧೯೮೮

ರಾಜಕ್ಕಾ,

ಬರಬೇಡ, ಬರಬೇಡ, ರಜೆ ರದ್ದು ಮಾಡು. ಎಲ್ಲ ಬರೆಯುತ್ತೇನೆ, ಹಾಳೆ ಎಷ್ಟಾದರೂ ಆಗಲಿ. ನಾನು ಊರನ್ನೇ ಎಬ್ಬಿಸಿಬಿಟ್ಟೆ. ನಿನಗೆ ಹೇಳಲು ಬಾಯಿ ಬರಲಿಲ್ಲ.

ಒಂದನೇ ತಾರೀಖು ಇವರು ಗೊಬ್ಬರ ತರಲು ಚಿಕ್ಕೋಡಿಗೆ ಹೋಗಿದ್ದರು. ಬಸ್ ಕೆಟ್ಟು, ಮಳೆಯಲ್ಲಿ ನೆನೆದು, ಮನೆ ಮುಟ್ಟಿದಾಗ ಏಳೂವರೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅತ್ತೆ ದೇವರ ಕೋಣೆಯಲ್ಲಿ ಜಪಕ್ಕೆ ಕೂತಿದ್ದರು. ಹಸಿದ ಗಂಡನಿಗೆ ಒಂದು ಮುಷ್ಟಿ ಉಪ್ಪಿಟ್ಟು ಮಾಡಿಕೊಟ್ಟರೆ ಪಾಪ ಬಂದರೂ ನನಗೊಬ್ಬಳಿಗೆ ಬರುತ್ತದಲ್ಲ, ಬರಲಿ ಅಂದುಕೊಂಡೆ. ಕಂದೀಲು ಹಚ್ಚಿ ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲಿಟ್ಟು ರವೆ ಹುರಿದೆ. ಇವರು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಉಪ್ಪಿಟ್ಟಾಗಬೇಕು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಅದು ಆಯಿತು ಕೂಡ. ಕೂತು ಇವರು ತಿಂದರು, ನಾನು ಇವರು ತಿನ್ನುವುದನ್ನು ನೋಡುತ್ತ ಕೂತೆ. ಕಂದೀಲು ಅಲ್ಲೇ ಉರಿಯುತ್ತಿತ್ತು.

ಮೊದಲು ನಾಯಿ ಕೂಗಿದವು. ಆಮೇಲೆ ಹಿಂದಿನ ಅಂಗಳದಲ್ಲಿ ಎಮ್ಮೆಗಳ ಸದ್ದು. ಬಾಗಿಲು ತೆರೆದರೆ ವಸ್ತಿಗೆ ವಸ್ತಿಯೇ ಮಳೆಯಲ್ಲಿ ನಿಂತಿದೆ. ಮುಂದೆ ಅವರ ಮುಂದಾಳು ಮಾಳಸಿದ್ದ, ಹೆಗಲ ಮೇಲೊಂದು ಆಡಿನ ಮರಿ, ರುಮಾಲಿನಿಂದ ನೀರು ಸುರಿಯುತ್ತಿದೆ.

"ಎಷ್ಟು ಬಂತ್ರಿ ಬಾಯಾರ ನೀರು?"

ಜಪದ ಮಣೆಯಿಂದ ಎದ್ದು ಬಂದ ಅತ್ತೆ ಅವರನ್ನು ನೋಡಿದರು, ಕಿಟಕಿ ನೋಡಿದರು, ಕೈಯಲ್ಲಿ ಸೌಟು ಹಿಡಿದಿದ್ದ ನನ್ನನ್ನು ನೋಡಿದರು.

"ನೀರು ಬಂದಿಲ್ಲೋ ಮಾಳಸಿದ್ದ," ಅಂದರು. "ಉಪ್ಪಿಟ್ಟು ಬಂದೈತಿ."

ಅಕ್ಕಾ, ಆ ಕಿಟಕಿ ಧರ್ಮದ್ದಲ್ಲ. ಅಂದರೆ ಧರ್ಮದ್ದೇ, ಆದರೆ ಅದರಿಂದ ನಮ್ಮ ಅತ್ತೆ ಇನ್ನೊಂದು ಕೆಲಸ ತೆಗೆದಿದ್ದಾರೆ. ಹೊಳೆ ಏರಿದಾಗ ವಸ್ತಿಗೆ ಮೊದಲು ನೀರು ಬರುವುದು ಮುಂದಿನಿಂದಲ್ಲ, ಹಿಂದಿನಿಂದ. ಹೊಳೆಯ ನೀರು ಹಳ್ಳದಲ್ಲಿ ಹಿಂದಕ್ಕೆ ಏರಿ ಊರಿನ ದಾರಿ ಮುಚ್ಚಿಬಿಡುತ್ತದೆ. ಆಮೇಲೆ ವಸ್ತಿ ನಡುಗಡ್ಡೆ. ಅದಕ್ಕೆ ಮುಂಚೆ ಅವರನ್ನು ಎಬ್ಬಿಸಬೇಕು. ಇಡೀ ಊರಿನಲ್ಲಿ ಕತ್ತಲಾದ ಮೇಲೆ ಒಂದು ದಿನವೂ ತಪ್ಪದೆ ಕತ್ತಲಿರುವ ಕಿಟಕಿ ಯಾವುದು? ರಾತ್ರಿ ಉಣ್ಣದ ಮನೆಯ ಅಡುಗೆಮನೆಯದು. ವಸ್ತಿಯವರು ಮಲಗುವ ಮೊದಲು ಒಮ್ಮೆ ಈ ಕಡೆ ನೋಡುತ್ತಾರೆ. ಕತ್ತಲಿದ್ದರೆ ಮಲಗು, ಬೆಳಕಿದ್ದರೆ ಏಳು. ಹತ್ತೊಂಬತ್ತು ವರ್ಷದಿಂದ ಹೀಗೇ. ಈ ಹತ್ತೊಂಬತ್ತು ವರ್ಷದಲ್ಲಿ ಮೂರೇ ಸಲ ಉರಿದಿದೆ, ಮೂರು ಸಲವೂ ಹೊಳೆ ಬಂದಿದೆ. ನಾಲ್ಕನೆಯದು ನನ್ನದು.

ಕೆಂಪವ್ವ, ಮಾಳಸಿದ್ದನ ಹೆಂಡತಿ, ನನ್ನ ವಯಸ್ಸಿನವಳೇ, ಬುಟ್ಟಿಯ ಮೇಲಿನ ಗೊಂಗಡಿ ಸರಿಸಿ ತೋರಿಸಿದಳು. "ಹಡದು ಹನ್ನೆರಡು ದಿನ ಆಗೈತ್ರಿ. ಕೂಸಿನ್ನ ತಲಿಮ್ಯಾಲ ಇಟ್ಕೊಂಡ ಹಳ್ಳ ದಾಟೇನಿ. ಉಪ್ಪಿಟ್ಟಿಗೇನ್ರಿ?" ತಾರವ್ವ ಎಂಬ ಮುದುಕಿಯನ್ನು ಹೊರಸಿನ ಮೇಲೆ ನಾಲ್ಕು ಜನ ಹೊತ್ತು ತಂದಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಏನು ಮಾಡಿದರು ಗೊತ್ತೇ? ಇವರನ್ನು ಕರೆದು, "ಗಡಿಯಾರ ನೋಡು," ಅಂದರು. ಒಂಬತ್ತಕ್ಕೆ ಐದು ನಿಮಿಷ ಕಡಿಮೆ. "ದೀಪ ಹಚ್ಚಿದ್ದು ಎಷ್ಟಕ್ಕ?" ನಾನು ಅಳುತ್ತ, ಏಳೂಮುಕ್ಕಾಲಿಗೆ ಅಂದೆ.

"ಒಂದು ತಾಸು ಹತ್ತು ಮಿನಿಟು. ಹಳ್ಳ ತುಂಬಾಕ ಒಂದು ತಾಸು ಸಾಕು. ಖರೇ ಹೊಳಿ ಬಂದಿದ್ರ ಇವತ್ತ ಯಾರು ಆಚಿ ಕಡೆ ಉಳೀತಿದ್ರು?"

ಮಾಳಸಿದ್ದ, "ತಾರವ್ವ ಉಳೀತಿದ್ಲರಿ," ಅಂದ. ಹಿಂದಿನಿಂದ ಇನ್ನೊಬ್ಬರು, "ನಮ್ಮ ಎರಡು ಮನಿಗೆ ದೀಪನ ಕಾಣಂಗಿಲ್ರಿ. ಹುಣಸಿ ಗಿಡ ಅಡ್ಡ ಬೆಳದೈತಿ. ಮಂದಿ ಓಡೂದ ನೋಡಿ ಓಡಿ ಬಂದ್ವಿ," ಅಂದರು.

ಮಳೆಯಲ್ಲಿ ನಿಂತು, ಬೈಗಳ ತಿನ್ನಬೇಕಾದ ಸೊಸೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಅವರು ತಮ್ಮ ಹತ್ತೊಂಬತ್ತು ವರ್ಷದ ಏರ್ಪಾಡಿನಲ್ಲಿ ಎಲ್ಲಿ ತೂತಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಕಾನ್ವೆಂಟಿನಲ್ಲಿ ನನಗೆ ಎಷ್ಟೋ ದೊಡ್ಡವರ ಕಥೆ ಹೇಳಿದ್ದಾರೆ. ಇಂಥದ್ದನ್ನು ನಾನು ಕಣ್ಣಾರೆ ನೋಡಿದ್ದು ಇದೇ ಮೊದಲು. ಮಕ್ಕಳಿಗೆಲ್ಲ ಹಾಲು ಕಾಸಿ ಕೊಡಿಸಿದರು. ಉಳಿದ ಉಪ್ಪಿಟ್ಟು ತಾರವ್ವ ತಿಂದಳು, ಉಪ್ಪು ಕಡಿಮೆ ಅಂದಳು.

ಹೋಗುವಾಗ ಮಾಳಸಿದ್ದ, "ಇನ್ನ ಮುಂದ ದೀಪ ಕಂಡ್ರ ಮೊದಲ ವಾಸನಿ ನೋಡ್ತೇವ್ರಿ ಬಾಯಾರ. ರವಾ ಹುರದ ವಾಸನಿ ಬಂತಂದ್ರ ಹೊಳ್ಳಿ ಮಕ್ಕೊಂಡ ಬಿಡ್ತೇವಿ," ಅಂದ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಎಲ್ಲರೂ ಹೋದ ಮೇಲೆ ಕಿಟಕಿಯ ಬಳಿ ನಿಂತು ಒಂದೇ ಮಾತು ಅಂದರು, "ನಕ್ಕೊಂತ ಹ್ವಾದ್ರು. ನಕ್ಕ ಮಂದಿ ಮುಂದಿನ ಸಲ ಬರೂದಿಲ್ಲ." ಆಗ ನನಗೆ ಗೊತ್ತಾಯಿತು ನಾನು ಏನು ಮುರಿದೆ ಎಂದು.

"ದೀಪ ಯಾಕೆ ಹಚ್ಚಬಾರದು ಅಂತ ನೀವು ನನಗ ಹೇಳಲೇ ಇಲ್ಲರಿ ಅತ್ತಿ," ಅಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ.

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಹೌದು. ಎಲ್ಲಾರಿಗೂ ಗೊತ್ತೈತಿ ಅನ್ಕೊಂಡಿದ್ದೆ. ಹೊಸಾಕಿಗೆ ಹೇಳಬೇಕಾಗಿತ್ತು. ನಂದ ತಪ್ಪು." ನೀನು ಊಹಿಸಿಕೊ ಅಕ್ಕಾ, ಅತ್ತೆ ಸೊಸೆಗೆ "ನಂದ ತಪ್ಪು" ಅನ್ನುವುದನ್ನು.

ಮಾರನೆಯ ದಿನದಿಂದ ನನ್ನನ್ನು ಕರೆದುಕೊಂಡು ವಸ್ತಿಯ ಮನೆ ಮನೆಗೆ ಹೋದರು. ಕ್ಷಮೆ ಕೇಳಲು ಅಲ್ಲ. "ದೀಪ ಹಚ್ಚಿದಾಕಿ ಈಕಿ. ಮುಖ ನೋಡ್ಕೊಳ್ರಿ. ಇನ್ನ ಮ್ಯಾಲ ನಾನು ಇಲ್ಲಾ ಈಕಿ ಇಬ್ಬರ ಹಚ್ಚಾವರು, ನೀರಿಗೆ ಬಿಟ್ಟು ಬ್ಯಾರೆದಕ್ಕ ಹಚ್ಚಂಗಿಲ್ಲ." ಇಪ್ಪತ್ತೆರಡು ಮನೆಯಲ್ಲೂ ನಾನು ತಲೆ ತಗ್ಗಿಸಿ ನಿಂತೆ. ಹುಣಸೆಯ ಟೊಂಗೆ ಕಡಿಸಿದರು. ತಾರವ್ವನನ್ನು ಮಳೆಗಾಲ ಮುಗಿಯುವ ತನಕ ನಮ್ಮ ಪಡಸಾಲೆಗೆ ಕರೆತಂದಿದ್ದಾರೆ. ಈಗ ನನ್ನ ಅಡುಗೆಗೆ ದಿನವೂ ಉಪ್ಪಿನ ತಕರಾರು.

ಸಂಜೆ ಐದರ ಮೀರಜ ಬಸ್ಸಿನ ಕಂಡಕ್ಟರ್ ಜ್ಞಾನದೇವ ದಿನಾ ಅತ್ತೆಗೆ ಒಂದು ಚೀಟಿ ಕೊಡುತ್ತಾನೆ. ಸಾಂಗಲಿಯಲ್ಲಿ ಅವರಿಗೊಬ್ಬ ತಂಗಿ ಇರಬೇಕು, ಅವಳ ಕ್ಷೇಮ ಸಮಾಚಾರ ಅಂದುಕೊಂಡಿದ್ದೆ. ಬಿಡಿಸಿ ನೋಡಿದರೆ ಹಳೆಯ ಟಿಕೆಟಿನ ಹಿಂದೆ ಒಂದೇ ಅಂಕಿ. ನಮಗಿಂತ ಮೇಲ್ಗಡೆ, ಸಾಂಗಲಿಯ ಸೇತುವೆಯಲ್ಲಿ ಕೃಷ್ಣೆಯ ನೀರು ಎಷ್ಟು ಅಡಿ ಇದೆ ಎಂದು. ಅತ್ತೆಗೆ ತಂಗಿಯೇ ಇಲ್ಲವಂತೆ.

ನಿನ್ನ ಪತ್ರ ನಿನ್ನೆ ಬಂತು. ತಿರುಗಿ ಹೇಳಿಸುವ ಮಾತನ್ನು ಅತ್ತೆಗೆ ಓದಿ ಹೇಳಿದೆ (ಕರೆದುಕೊಂಡು ಹೋಗುತ್ತೇನೆ ಎಂಬ ಸಾಲು ಬಿಟ್ಟೆ). ಎರಡು ಸಲ ಓದಿಸಿದರು. ಇವತ್ತು ಬೆಳಿಗ್ಗೆ ಮಾಳಸಿದ್ದನ ಚಪ್ಪರಕ್ಕೆ ಒಂದು ಕಂದೀಲು ಒಯ್ದು ಕೊಟ್ಟರು. ದೀಪ ಕಂಡರೆ ಅವನೂ ದೀಪ ತೋರಿಸಬೇಕು. ಅವನಿಗೆ ಅದು ಒಗ್ಗಲಿಲ್ಲ. "ತೋರಸಿದ್ರ ಬರ್ತೇವಿ ಅಂತ ಮಾತ ಕೊಟ್ಟಂಗ ಆತಲ್ರಿ?"

"ಹೌದು. ಮಾತ ಕೊಡೂದಿದ್ರ ತೋರಸು. ಇಲ್ಲಂದ್ರ ತೋರಸಬ್ಯಾಡ, ನಾ ತಿಳ್ಕೋತೇನಿ," ಅಂದರು.

ಅವನು ಹ್ಞೂ ಅನ್ನಲಿಲ್ಲ, ಉಹ್ಞೂ ಅನ್ನಲಿಲ್ಲ. ಅದೇ ನನಗೆ ಹೆದರಿಕೆ.

ಚೇಲನಾ


ಹುಬ್ಬಳ್ಳಿ
೧೮ ಜುಲೈ ೧೯೮೮

ಪ್ರೀತಿಯ ಚೇಲನಾ,

ರಜೆ ರದ್ದು ಮಾಡಿದೆ. ನಾನು ನಿಮ್ಮ ಅತ್ತೆಯವರ ಬಗ್ಗೆ ಏನೇನು ಅಂದುಕೊಂಡಿದ್ದೆ ಎಂದು ಬರೆಯುವುದಿಲ್ಲ. ಬರೆದರೆ ನೀನು ಅದನ್ನೂ ಓದಿ ಹೇಳಿಬಿಡುತ್ತೀ.

ನಮ್ಮ ಎಕ್ಸ್‌ಚೇಂಜಿನಲ್ಲಿ ಮೂವತ್ತು ಜನ ಇದ್ದೇವೆ, ಬ್ಯಾಟರಿ ಇದೆ, ಜನರೇಟರ್ ಇದೆ. ಆದರೂ ಗಂಗೂಬಾಯಾರಷ್ಟು ಕರಾರುವಾಕ್ಕಾಗಿ ಯೋಚಿಸಿದವರನ್ನು ನಾನು ಕಂಡಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ. ಸೂಪರ್‌ವೈಸರ್ ಕೂಡ ಡಬ್ಬಿ ಬದಿಗಿಟ್ಟು ಕೇಳಿದರು.

ಒಂದು ಮಾತು. ಮಾಳಸಿದ್ದ ದೀಪ ತೋರಿಸದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರು ಹೋಗಬೇಕು, ಇದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಉತ್ತರ ಬಾರದೆ ಇರುವಾಗ ಕೂತು ಯೋಚಿಸುವುದಕ್ಕೆ ಹೋದರೆ ಎಲ್ಲರೂ ಇನ್ನು ಸ್ವಲ್ಪ ನೋಡೋಣ ಅನ್ನುತ್ತಾರೆ. ಇದನ್ನು ನಾನು ಕಷ್ಟಪಟ್ಟು ಕಲಿತದ್ದು.

ಉಪ್ಪಿಟ್ಟಿಗೆ ಉಪ್ಪು ಸರಿಯಾಗಿ ಹಾಕು.

ರಾಜಕ್ಕ


ಹುಬ್ಬಳ್ಳಿ
೨೮ ಜುಲೈ ೧೯೮೮

ಚೇಲನಾ,

ಕೃಷ್ಣೆ ಏರಿದೆ ಎಂದು ಮೊನ್ನೆಯಿಂದ ಕೇಳುತ್ತಿದ್ದೇನೆ. ಚಿಕ್ಕೋಡಿಯ ತನಕ ಲೈನ್ ಇದೆ, ಆಮೇಲೆ ಇಲ್ಲ. ನಿನ್ನೆ ಬೆಳಿಗ್ಗೆ ತಂತಿ ಕೊಟ್ಟೆ. ಮುಂದಕ್ಕೆ ಹೋಗಿಲ್ಲ ಎಂದು ಹೇಳಿದರು. ಪಾಳಿ ಮುಗಿದ ಮೇಲೂ ಬೋರ್ಡಿನ ಮುಂದೆಯೇ ಕೂತಿದ್ದೇನೆ. ಊರಿನವರ ಸುದ್ದಿಯೆಲ್ಲ ಊರಿನವರಿಗೆ ಮುಟ್ಟಿಸುವವಳು ನಾನು, ನನ್ನ ತಂಗಿಯ ಸುದ್ದಿ ನನಗೆ ಇಲ್ಲ.

ಈ ಪತ್ರ ಯಾವಾಗ ಮುಟ್ಟುತ್ತದೆಯೋ ಗೊತ್ತಿಲ್ಲ. ಮುಟ್ಟಿದ ಕೂಡಲೇ ಒಂದು ಸಾಲು ಬರೆ.

ರಾಜಕ್ಕ


ಬಸ್ತಿವಾಡ
೩ ಆಗಸ್ಟ್ ೧೯೮೮

ರಾಜಕ್ಕಾ,

ಎಲ್ಲರೂ ಇದ್ದೇವೆ. ಇಪ್ಪತ್ತೆರಡು ಮನೆಯವರೂ ಇದ್ದಾರೆ. ನಿನ್ನ ತಂತಿಯೂ ಪತ್ರವೂ ಒಟ್ಟಿಗೇ ಇವತ್ತು ಬಂದವು. ಬೋರ್ಡಿನ ಮುಂದೆ ಕೂತಿದ್ದೇನೆ ಎಂಬ ಸಾಲು ಓದಿ ಬಹಳ ಅತ್ತುಬಿಟ್ಟೆ. ಒಂದು ಸಾಲು ಬರೆ ಅಂದಿದ್ದೀ, ನನ್ನಿಂದ ಅದಾಗದು, ಗೊತ್ತಲ್ಲ.

ಇಪ್ಪತ್ತಾರನೇ ತಾರೀಖು, ಮಂಗಳವಾರ. ಫೋನಂತೂ ಬೇಸಿಗೆಯದು. ಹಿಂದಿನ ದಿನದ ಚೀಟಿಯಲ್ಲಿ ಅಂಕಿ ದೊಡ್ಡದಿತ್ತು, ಆದರೂ ಅತ್ತೆಯ ಲೆಕ್ಕದಲ್ಲಿ ಇನ್ನೂ ಒಂದು ದಿನ ಸಮಯವಿತ್ತು. ಐದಾಯಿತು, ಬಸ್ ಇಲ್ಲ. ಅದು ತಡವಾಗುವುದು ರೂಢಿ ಎಂದು ಕಾದೆವು. ಆರೂವರೆಗೆ ಅತ್ತೆ ಕಟ್ಟೆಯಿಂದ ಎದ್ದರು. "ಬಸ್ ಬರಲಿಲ್ಲ ಅನ್ನೂದೂ ಒಂದು ಚೀಟೀನ," ಅಂದರು. ಅಂದರೆ ದಾರಿಯ ಮೇಲೆ ಆಗಲೇ ನೀರಿದೆ.

ಕತ್ತಲು ಕವಿಯುತ್ತಿತ್ತು. ಕಂದೀಲನ್ನು ನನ್ನ ಕೈಗೆ ಕೊಟ್ಟು, "ನೀ ಹಚ್ಚು," ಅಂದರು. ಮೂರು ಕಡ್ಡಿ ಹಾಳು ಮಾಡಿ ನಾಲ್ಕನೆಯದಕ್ಕೆ ಹಚ್ಚಿದೆ. ಕಿಟಕಿಯಲ್ಲಿಟ್ಟೆ. ಇವರು ಗಡಿಯಾರ ಹಿಡಿದು ನಿಂತರು. ನಿನ್ನ ಮಾತಿನಂತೆ ಮೊದಲೇ ಗೊತ್ತು ಮಾಡಿದ್ದೆವು, ಹತ್ತು ನಿಮಿಷ ಕಾಯುವುದು, ಉತ್ತರದ ದೀಪ ಬರದಿದ್ದರೆ ಇವರೊಬ್ಬರೇ ಹಳ್ಳ ದಾಟಿ ಹೋಗುವುದು.

ಮಳೆ ಸ್ವಲ್ಪ ಕಡಿಮೆಯಿತ್ತು, ವಸ್ತಿಯ ಒಲೆಗಳ ಬೆಳಕು ಕಾಣುತ್ತಿತ್ತು. ಅಂದರೆ ನಮ್ಮ ದೀಪ ಅವರಿಗೂ ಕಾಣುತ್ತಿದೆ. ಮಾಳಸಿದ್ದನ ಚಪ್ಪರ ಮಾತ್ರ ಕತ್ತಲು. ಐದು ನಿಮಿಷ. ಎಂಟು. ಹತ್ತು.

"ತಿಳೀತು," ಅಂದರು ಅತ್ತೆ. "ಕಂಡೈತಿ, ನಂಬಿಲ್ಲ. ಹೋಗೋ ಭೂಪಾಲ."

ಆಗ ನಾನು, ನಾನೂ ಹೋಗುತ್ತೇನೆ ಅಂದೆ. ಇವರು ಹುಚ್ಚೇನು ಅಂದರು. ಹುಚ್ಚಲ್ಲ ಅಕ್ಕಾ, ಲೆಕ್ಕ. ಇವರು ಹೋದರೆ ವಾದ ಮಾಡಬೇಕು. ನಾನು ಹೋದರೆ ವಾದವೇ ಇಲ್ಲ. ಉಪ್ಪಿಟ್ಟು ಮಾಡುವವಳು ಅವರ ಎದುರಿಗೆ ನಿಂತಿದ್ದರೆ ಅಡುಗೆಮನೆಯಲ್ಲಿ ದೀಪ ಯಾಕೆ ಉರಿಯುತ್ತದೆ? ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಸೀರೆಯ ಸೆರಗನ್ನು ತಾವೇ ನನ್ನ ಸೊಂಟಕ್ಕೆ ಬಿಗಿದು ಕಟ್ಟಿ, "ಹಗ್ಗ ಬಿಡಬ್ಯಾಡ," ಅಂದರು.

ಹಳ್ಳದಲ್ಲಿ ಮೊಣಕಾಲು ನೀರು. ಈ ದಡದ ಬೇವಿನ ಗಿಡಕ್ಕೆ ಹಗ್ಗ ಕಟ್ಟಿ ಇವರು ಅದರ ತುದಿ ಹಿಡಿದು ಮುಂದೆ ನಡೆದರು, ನಾನು ಹಗ್ಗ ಹಿಡಿದು ಹಿಂದೆ. ನೀರು ಹೊಳೆಯ ಕಡೆಗೆ ಹರಿಯುತ್ತಿರಲಿಲ್ಲ ಅಕ್ಕಾ, ಹೊಳೆಯಿಂದ ಊರ ಕಡೆಗೆ ಬರುತ್ತಿತ್ತು. ಅದನ್ನು ನೋಡಿ ಹಗ್ಗವನ್ನು ಎರಡೂ ಕೈಯಿಂದ ಹಿಡಿದೆ.

ಮಾಳಸಿದ್ದನ ಚಪ್ಪರದಡಿ ವಸ್ತಿಯ ಗಂಡಸರೆಲ್ಲ ಸೇರಿದ್ದರು. ಮಾಳಸಿದ್ದ ಹಚ್ಚದ ಕಂದೀಲನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದ.

"ಹಚ್ಚಿದ್ರ ಹೋಗಬೇಕಾಕ್ಕೈತಿ. ಇಂಥಾ ಥಂಡ್ಯಾಗ ಕೂಸಿನ್ನ ಹೊರಗ ತಗದು, ಅಲ್ಲಿ ಹೋದ ಮ್ಯಾಲ ಈ ಸಲ ಶಿರಾ ಅಂದ್ರ?"

"ಶಿರಾ ಆದ್ರ ನಾ ಬರ್ತೇನಪ," ಅಂದ ಯಾರೋ. ಜನ ನಕ್ಕರು.

ಒಳಗಿನಿಂದ ಕೆಂಪವ್ವ ಬಂದಳು, ಕೈಯಲ್ಲಿದ್ದ ಚಿಮಣಿ ದೀಪ ಎತ್ತಿ ನನ್ನ ಮುಖ ನೋಡಿದಳು. ನಾನು ಅವಳಿಗೆ ಸರಿಯಾಗಿ ಕಾಣುವ ಹಾಗೆ ಮುಂದೆ ಬಂದು ನಿಂತೆ. ಅವಳು ತಿರುಗಿ ನಮ್ಮ ಮನೆಯ ಕಿಟಕಿ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಅಡಿಗಿ ಮಾಡಾಕಿ ಇಲ್ಲಿ ತೊಯ್ಸಿಕೊಂಡ ನಿಂತಾಳ," ಅಂದಳು. "ಮತ್ತ ಅಲ್ಲಿ ದೀಪ ಹಚ್ಚಿದಾವರು ಯಾರು? ಬಾಯಾರು ರಾತ್ರಿ ಉಣ್ಣಾಕ ಹತ್ಯಾರೇನು? ಏಳ್ರಿ."

ಅಷ್ಟೇ. ಇಪ್ಪತ್ತೆರಡು ಮನೆ ಎದ್ದವು. ಮಾಳಸಿದ್ದ ಕಡ್ಡಿ ಗೀರಿ ಕಂದೀಲು ಹಚ್ಚಿ ಚಪ್ಪರಕ್ಕೆ ಕಟ್ಟಿದ, "ಬಾಯಾರು ದಾರಿ ಕಾಯಾಕತ್ತಿರ್ತಾರ," ಅಂದ. ದೂರದಲ್ಲಿ ನಮ್ಮ ಕಿಟಕಿಯ ಬೆಳಕು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಿತು. ಅತ್ತೆ ನೋಡಿದ್ದರು.

ಮಕ್ಕಳು, ಮುದುಕರು, ಎಮ್ಮೆ, ಆಡು ಎಲ್ಲ ಹಗ್ಗದ ಪಕ್ಕದಲ್ಲೇ ದಾಟಿದರು. ಕೆಂಪವ್ವನ ಕೂಸನ್ನು ನಾನು ಹೊತ್ತೆ. ಅದು ಇಡೀ ಹಳ್ಳ ದಾಟುವ ತನಕ ನಿದ್ದೆ ಮಾಡಿತು. ಕೊನೆಗೆ ಎಮ್ಮೆ ಹೊಡೆದುಕೊಂಡು ಮಾಳಸಿದ್ದ ಬಂದಾಗ ನೀರು ಅವನ ಎದೆಗೆ. ಹಿಂದಿನ ಬಾಗಿಲಲ್ಲಿ ಅತ್ತೆ ಮನೆ ಮನೆಯ ಹೆಸರು ಕೂಗಿ ಎಣಿಸುತ್ತ ನಿಂತಿದ್ದರು. ಇಪ್ಪತ್ತೆರಡನೆಯದು ಆದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟರು. ಅವರು ಹಾಗೆ ದಣಿದು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅರ್ಧ ತಾಸಿನ ಮೇಲೆ ಹಳ್ಳ ಎಲ್ಲಿತ್ತೆಂದು ಗುರುತು ಸಿಗಲಿಲ್ಲ. ಮೂರು ದಿನ ಎಲ್ಲರೂ ಬಸದಿಯ ಪಡಸಾಲೆಯಲ್ಲಿ, ಶಾಲೆಯಲ್ಲಿ ಇದ್ದರು. ಏಳು ಮನೆಯ ಗೋಡೆ ಕುಸಿದಿವೆ. ಮನುಷ್ಯರು, ದನಕರು ಒಂದೂ ಹೋಗಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಕೇಳಿದರು, "ಎಷ್ಟಾತು?" ಇವರು, ಐವತ್ತೈದು ನಿಮಿಷ ಅಂದರು. "ಹತ್ತು ಮಿನಿಟು ಕಾದದ್ದೂ ಅದರಾಗ ಐತಿ. ಬರೂ ಸಲ ಐದ ಮಿನಿಟು ಕಾಯೂದು," ಅಂದರು. ನನ್ನನ್ನು ಹೊಗಳಲಿಲ್ಲ, ಹೊಗಳುವ ಜಾತಿಯೇ ಅಲ್ಲ. ಆದರೆ ಆ ಸಂಜೆ ಮಾಳಸಿದ್ದ ಬಂದು, ಮುಂದಿನ ಸಲ ದೀಪ ಹಚ್ಚುವವರು ಯಾರ್ರಿ ಎಂದು ಕೇಳಿದಾಗ, ನನ್ನ ಕಡೆ ಗದ್ದ ತೋರಿಸಿ, "ಈಕಿನ್ನ ಕೇಳು," ಅಂದರು.

"ಕೇಳೂದೇನ್ರಿ," ಅಂದ ಅವನು. "ಈ ತಂಗೆವ್ವ ಹಚ್ಚಿದ್ರ ಈಗ ನಾವು ವಾಸನಿ ನೋಡಂಗಿಲ್ಲ."

ಅಕ್ಕಾ, ನಾನು ಒಂಬತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಭಾಷಣಕ್ಕೆ ಬೆಳ್ಳಿಯ ಕಪ್ಪು ಗೆದ್ದಾಗಲೂ ಇಷ್ಟು ಹಿಗ್ಗಿರಲಿಲ್ಲ.

ಪಂಚಮಿಗೆ ನನ್ನನ್ನು ಕಳಿಸುತ್ತೇನೆ ಎಂದು ಅತ್ತೆ ತಾವಾಗಿಯೇ ಹೇಳಿದರು. ನಿನ್ನನ್ನು ನೋಡಲು ಅವರಿಗೂ ಮನಸ್ಸಿದೆ, ಆದರೆ ಮಳೆಗಾಲದಲ್ಲಿ ಕಿಟಕಿ ಬಿಟ್ಟು ಕದಲುವುದಿಲ್ಲ. ದೀಪಾವಳಿಗೆ ಹೊಳೆ ಇಳಿದ ಮೇಲೆ ಬರುತ್ತಾರಂತೆ. ನಿನ್ನನ್ನು ಕೇಳಲು ನನ್ನ ಕೈಯಲ್ಲಿ ಹನ್ನೊಂದು ಪ್ರಶ್ನೆ ಬರೆಸಿದ್ದಾರೆ. ಇವರು ನನ್ನನ್ನು ಚಿಕ್ಕೋಡಿ ರೋಡ್ ಸ್ಟೇಷನ್ನಿಗೆ ಬಿಟ್ಟು ಅದೇ ಬಸ್ಸಿಗೆ ಹಿಂದಿರುಗುತ್ತಾರೆ, ಯಾಕೆಂದರೆ ಮನೆಯಲ್ಲಿ ಯಾವಾಗಲೂ ಇಬ್ಬರು ಇರಬೇಕು. ನಾನು ಐದೇ ದಿನ ಇರುತ್ತೇನೆ, ಆರನೆಯ ದಿನ ಇರು ಎಂದು ನೀನು ಹಟ ಮಾಡಬಾರದು, ಮೊದಲೇ ಹೇಳಿರುತ್ತೇನೆ. ಇಲ್ಲಿ ನನ್ನ ಪಾಳಿ ಇದೆ.

ಆಗಸ್ಟ್ ಹದಿನೈದು, ಸೋಮವಾರ, ಮೀರಜ–ಹುಬ್ಬಳ್ಳಿ ಪ್ಯಾಸೆಂಜರಿಗೆ ಬರುತ್ತೇನೆ.

ಚೇಲನಾ